ಕಿಲ್ಲರ್ ಸುಡೊಕು: 45ರ ಲೆಕ್ಕ ಮುಗಿದ ಮೇಲೆ ಮುಂದೇನು?

ಪ್ರಶ್ನೆ: ಸಾಮಾನ್ಯ ಸುಡೊಕುವಿನಲ್ಲಿ ಕಠಿಣ ಮಟ್ಟದ್ದನ್ನೂ ಆರಾಮಾಗಿ ಬಿಡಿಸುತ್ತೇನೆ. ಒಂದು ವರ್ಷದಿಂದ ಕಿಲ್ಲರ್ ಸುಡೊಕು ಹಿಡಿದಿದ್ದೇನೆ, ಅಂದರೆ ಕೆಲವು ಮನೆಗಳನ್ನು ಗೆರೆಯಿಂದ ಸುತ್ತುಗಟ್ಟಿ ‘ಕೇಜು’ ಮಾಡಿ, ಅವುಗಳ ಮೊತ್ತ ಕೊಟ್ಟಿರುವ ಸುಡೊಕು. ಮಧ್ಯಮ ಮಟ್ಟದವು ಬಗೆಹರಿಯುತ್ತವೆ, ಕಠಿಣದಲ್ಲಿ ಮಾತ್ರ 45ರ ಲೆಕ್ಕ (ಪ್ರತಿ ಸಾಲಿನಲ್ಲೂ ಒಂಬತ್ತು ಮನೆಯ ಪ್ರತಿ ಬಾಕ್ಸಿನಲ್ಲೂ 1ರಿಂದ 9 ಸೇರಿ 45 ಎಂಬುದು) ಮುಗಿದ ಕೂಡಲೇ ನಿಂತುಬಿಡುತ್ತೇನೆ. ಮೊನ್ನೆಯ ಒಂದು ಒಗಟನ್ನೇ ಹೇಳುತ್ತೇನೆ. ಎಡ ಮೇಲಿನ ಬಾಕ್ಸಿನಲ್ಲಿ ಮೂರು ಕೇಜುಗಳು ಪೂರ್ತಿ ಒಳಗಿದ್ದವು. ಮೊದಲ ಅಡ್ಡಸಾಲಿನ 1 ಮತ್ತು 2ನೇ ಮನೆ ಸೇರಿ 8, ಮೂರನೇ ಕಂಬಸಾಲಿನ ಕೆಳಗಿನ ಎರಡು ಮನೆ ಸೇರಿ 7, ನಡುವಿನ ಮೂರು ಮನೆ ಸೇರಿ 20. ಉಳಿದದ್ದು ಎರಡು ಮನೆ. ಬಲ ಮೇಲಿನ ಮೂಲೆಯದು ಬಲಗಡೆಯ ಬಾಕ್ಸಿಗೆ ಚಾಚಿದ 5ರ ಕೇಜಿಗೆ ಸೇರಿತ್ತು, ಎಡ ಕೆಳಗಿನ ಮೂಲೆಯದು ಕೆಳಗಿನ ಬಾಕ್ಸಿಗೆ ಚಾಚಿದ 16ರ ಕೇಜಿಗೆ. ಎರಡೂ ಕೇಜಿಗೆ ಎರಡೆರಡೇ ಮನೆ. ಮೂಲೆಯ ಎರಡು ಮನೆಗಳ ಮೊತ್ತ 10, ಆದ್ದರಿಂದ 1-9 ಇಲ್ಲವೇ 3-7 ಎಂಬಲ್ಲಿಗೆ ಬಂದೆ. ಮುಂದೆ ದಾರಿ ಕಾಣದೆ 3-7 ಎಂದು ಊಹಿಸಿ ಹೊರಟೆ. ಅರ್ಧ ಗಂಟೆಯ ನಂತರ ಎಲ್ಲ ಕೆಟ್ಟಿತು. ಕಠಿಣ ಮಟ್ಟದಲ್ಲಿ ಊಹೆ ಮಾಡಲೇಬೇಕು ಎನ್ನುತ್ತಾರೆ ಒಬ್ಬ ಗೆಳೆಯರು. ಯಾವ ಮೊತ್ತಕ್ಕೆ ಯಾವ ಯಾವ ಅಂಕಿಗಳು ಎಂಬ ಪಟ್ಟಿಯನ್ನು ಪೂರ್ತಿ ಬಾಯಿಪಾಠ ಮಾಡಬೇಕು ಎನ್ನುತ್ತಾರೆ ಇನ್ನೊಬ್ಬರು. ಪಟ್ಟಿ ನೋಡಿ ಆಡುವುದು ಮೋಸವಲ್ಲವೇ? ನನ್ನ ಗಣಿತವೇ ಸಾಲದೇ? ಮನೆಗಳಲ್ಲಿ ಬರಬಹುದಾದ ಅಂಕಿಗಳನ್ನು ಸಣ್ಣದಾಗಿ ಬರೆದು ಬರೆದು ಹಾಳೆಯೂ ಕಪ್ಪಾಗುತ್ತದೆ. ಆ್ಯಪ್‌ನಲ್ಲಿ ಆಡುವಾಗ ಸುಳಿವಿನ ಬಟನ್ ಒತ್ತಬಹುದೇ?

ಉತ್ತರ: ಗಣಿತದ ಚಿಂತೆಯನ್ನು ಮೊದಲು ಬಿಡಿ. ಈ ಆಟಕ್ಕೆ ಬೇಕಾದ ಗಣಿತ ಕೂಡುವುದು, ಕಳೆಯುವುದು, ಅಷ್ಟೇ. ಅದನ್ನು ನೀವು ತಪ್ಪಿಲ್ಲದೆ ಮಾಡಿದ್ದೀರಿ. 20, 8, 7 ಕೂಡಿಸಿದರೆ 35, ಬಾಕ್ಸಿನ 45ರಿಂದ ಕಳೆದರೆ 10. 5ರ ಕೇಜಿನಲ್ಲಿ 1ರಿಂದ 4ರವರೆಗಿನ ಅಂಕಿಗಳು ಮಾತ್ರ ಕೂರುತ್ತವೆ, 16ರ ಕೇಜಿನಲ್ಲಿ 7 ಮತ್ತು 9 ಮಾತ್ರ. ಅಲ್ಲಿಗೆ 1-9 ಅಥವಾ 3-7. ಇಷ್ಟು ಸರಿಯಾಗಿ ಬಂದವರು ಇನ್ನೊಂದೇ ಹೆಜ್ಜೆ ಇಟ್ಟಿದ್ದರೆ ಆ ಅರ್ಧ ಗಂಟೆ ಉಳಿಯುತ್ತಿತ್ತು.

ಆ ಹೆಜ್ಜೆ ಇದು. ಮೂಲೆಗಳಲ್ಲಿ 3 ಮತ್ತು 7 ಕೂತವು ಎಂದುಕೊಳ್ಳಿ. ಈಗ ಅದೇ ಬಾಕ್ಸಿನ 7ರ ಕೇಜಿನತ್ತ ನೋಡಿ. ಅದಕ್ಕಿರುವುದು ಮೂರೇ ಜೋಡಿ: 1-6, 2-5, 3-4. 3 ಖರ್ಚಾಗಿರುವುದರಿಂದ 3-4 ಹೋಯಿತು. 8ರ ಕೇಜಿಗೂ ಮೂರೇ ಜೋಡಿ: 1-7, 2-6, 3-5. ಇದರಲ್ಲಿ 7 ಇರುವುದೂ ಆಗದು, 3 ಇರುವುದೂ ಆಗದು, ಹಾಗಾಗಿ 2-6 ಒಂದೇ ಉಳಿಯಿತು. ಆದರೆ 2 ಮತ್ತು 6 ಅಲ್ಲಿಗೆ ಹೋದರೆ 7ರ ಕೇಜಿಗೆ 1-6 ಇಲ್ಲ, 2-5 ಇಲ್ಲ, ಅದು ಬರಿದಾಗಿ ನಿಲ್ಲುತ್ತದೆ. ಆದ್ದರಿಂದ 3-7 ಸಾಧ್ಯವೇ ಇಲ್ಲ. ಬಲ ಮೇಲಿನ ಮೂಲೆ 1, ಎಡ ಕೆಳಗಿನ ಮೂಲೆ 9. ಬಾಕ್ಸಿನ ಹೊರಗೆ ಕಾಲಿಡದೆ ಇಷ್ಟೂ ಸಿಕ್ಕಿತು.

ಇಲ್ಲಿಗೂ ಮುಗಿಯುವುದಿಲ್ಲ. 1 ಮತ್ತು 9 ಮೂಲೆಗೆ ಹೋದ ಮೇಲೆ 20ರ ಕೇಜಿಗೆ 9 ಇಲ್ಲದ ಒಂದೇ ಗುಂಪು ಉಳಿಯುತ್ತದೆ, 5-7-8. ಅದು 7 ಮತ್ತು 5ನ್ನು ಎತ್ತಿಕೊಂಡಿತು, ಹಾಗಾಗಿ 8ರ ಕೇಜು 2-6, 7ರ ಕೇಜು 3-4. ಬಲಗಡೆಗೆ ಚಾಚಿದ 5ರ ಕೇಜಿನ ಹೊರ ಮನೆ 4. ಕೆಳಕ್ಕೆ ಚಾಚಿದ 16ರ ಕೇಜಿನ ಹೊರ ಮನೆ 7, ಅದು ಇರುವುದು ಮೊದಲ ಕಂಬಸಾಲಿನಲ್ಲಿ. ಅಂದಮೇಲೆ 20ರ ಕೇಜಿನ 7 ಮೊದಲ ಕಂಬಸಾಲಿನ ಮನೆಯಲ್ಲಿ ಕೂರಲಾರದು, ನಡುವಿನ ಕಂಬಸಾಲಿನ ಎರಡು ಮನೆಗಳಲ್ಲೊಂದರಲ್ಲಿ ಇರಲೇಬೇಕು. ಹಾಗಾದರೆ ಎರಡನೇ ಕಂಬಸಾಲಿನ ಉಳಿದ ಆರು ಮನೆಗಳಿಂದ 7 ಅಳಿಸಿ ಹೋಯಿತು. ಊಹೆಯ ಅಂಚಿನಲ್ಲಿದ್ದ ಬಾಕ್ಸು ಈಗ ಮೂರು ದಿಕ್ಕಿಗೆ ಮಾಹಿತಿ ಕೊಡುತ್ತಿದೆ.

ನೀವು ಎಲ್ಲಿ ನಿಂತಿರಿ ಎಂಬುದನ್ನು ಗಮನಿಸಿ. ಮೂಲೆಯ ಎರಡು ಮನೆಗಳ ಬಗ್ಗೆ ತಿಳಿಯಲು ಆ ಎರಡು ಮನೆಗಳನ್ನೇ ನೋಡುತ್ತ ಕೂತಿರಿ. ಉತ್ತರ ಪಕ್ಕದ 7ರ ಕೇಜಿನಲ್ಲಿತ್ತು. ಒಗಟುಗಳನ್ನು ರಚಿಸಿ ಪರೀಕ್ಷಿಸುವ ಕೆಲಸದಲ್ಲಿ ನಾನು ಅತಿ ಹೆಚ್ಚು ಕಾಣುವ ತೊಡಕು ಇದೇ. ಸಾಮಾನ್ಯ ಸುಡೊಕುವಿನಿಂದ ಬಂದವರಿಗೆ ‘ಈ ಮನೆಗೆ ಯಾವ ಅಂಕಿ?’ ಎಂದು ಕೇಳಿ ಅಭ್ಯಾಸ. ಕಠಿಣ ಕಿಲ್ಲರ್‌ನಲ್ಲಿ ಕೇಳಬೇಕಾದದ್ದು ‘ಈ ಕೇಜು ಈ ಗುಂಪನ್ನು ತೆಗೆದುಕೊಂಡರೆ ಪಕ್ಕದ ಕೇಜಿಗೆ ಏನು ಉಳಿಯುತ್ತದೆ?’ ಎಂದು. ಒಂದೇ ಬಾಕ್ಸು, ಒಂದೇ ಅಡ್ಡಸಾಲು, ಒಂದೇ ಕಂಬಸಾಲು ಹಂಚಿಕೊಂಡ ಕೇಜುಗಳು ಒಂಬತ್ತು ಅಂಕಿಗಳ ಒಂದೇ ಗಂಟಿನಿಂದ ಖರ್ಚು ಮಾಡುತ್ತವೆ. ಒಬ್ಬರು ತೆಗೆದದ್ದು ಇನ್ನೊಬ್ಬರಿಗಿಲ್ಲ.

ಈ ಬಾಕ್ಸನ್ನೇ 5 ಮತ್ತು 16ರ ಕೇಜುಗಳ ನೆರವಿಲ್ಲದೆ ನೋಡಿದರೆ ಇದರ ಬಲ ಇನ್ನೂ ಚೆನ್ನಾಗಿ ಕಾಣುತ್ತದೆ. 20ಕ್ಕೆ ನಾಲ್ಕು ಗುಂಪು, 8ಕ್ಕೆ ಮೂರು, 7ಕ್ಕೆ ಮೂರು, ಉಳಿದ 10ಕ್ಕೆ ನಾಲ್ಕು. ಬಿಡಿಬಿಡಿಯಾಗಿ ಗುಣಿಸಿದರೆ 144 ಬಗೆ. ಅವುಗಳಲ್ಲಿ ಒಂಬತ್ತೂ ಅಂಕಿಗಳು ಒಂದೊಂದೇ ಸಲ ಬರುವಂಥವು ಬರೀ ನಾಲ್ಕು. ಮೊದಲನೆಯದರಲ್ಲಿ 20 ಎಂದರೆ 3-8-9, 8 ಎಂದರೆ 1-7, 7 ಎಂದರೆ 2-5, ಉಳಿದದ್ದು 4-6. ಎರಡನೆಯದರಲ್ಲಿ 4-7-9, 3-5, 1-6, 2-8. ಮೂರನೆಯದರಲ್ಲಿ 5-6-9, 1-7, 3-4, 2-8. ನಾಲ್ಕನೆಯದು ನಿಮ್ಮ ಒಗಟಿನ ಉತ್ತರ: 5-7-8, 2-6, 3-4, 1-9. ಒಮ್ಮೆ ಕಾಗದದ ಮೇಲೆ ನೀವೇ ಮಾಡಿ ನೋಡಿ, ಐದು ನಿಮಿಷದ ಕೆಲಸ. ಗುಂಪು ಕಡಿಮೆಯಿರುವ ಕೇಜಿನಿಂದಲೋ ದೊಡ್ಡ ಅಂಕಿಗಳನ್ನು ನುಂಗುವ ಕೇಜಿನಿಂದಲೋ ಶುರು ಮಾಡಿದರೆ ಬೇಗ ಮುಗಿಯುತ್ತದೆ. ನಾನು ಇಲ್ಲಿ 20ರಿಂದ ಹೊರಟೆ.

ಇದಕ್ಕಿಂತ ಅಗ್ಗದ ದಾರಿಯೂ ಕೆಲವೊಮ್ಮೆ ಇರುತ್ತದೆ: ಎರಡು ಕೇಜುಗಳನ್ನು ಕೂಡಿಸಿ ಒಂದೇ ಕೇಜು ಎಂದು ನೋಡುವುದು. ಒಂದೇ ಅಡ್ಡಸಾಲಿನಲ್ಲಿ ಎರಡು ಮನೆಯ 15 ಮತ್ತು ಮೂರು ಮನೆಯ 20 ಇವೆ ಎನ್ನಿ. ಬೇರೆ ಬೇರೆ ನೋಡಿದರೆ 15ಕ್ಕೆ ಎರಡು ಗುಂಪು, 20ಕ್ಕೆ ನಾಲ್ಕು. ಕೂಡಿಸಿದರೆ ಐದು ಮನೆಗೆ 35, ಐದು ಬೇರೆ ಬೇರೆ ಅಂಕಿಗಳಿಂದ ಬರಬಹುದಾದ ಅತಿ ದೊಡ್ಡ ಮೊತ್ತವೇ ಅದು. ಹಾಗಾಗಿ ಅಲ್ಲಿರುವುದು 5, 6, 7, 8, 9. ಆ ಸಾಲಿನ ಉಳಿದ ನಾಲ್ಕು ಮನೆಗಳಲ್ಲಿ 1, 2, 3, 4. ಒಂದು ಅಂಕಿಯೂ ಜಾಗ ಹಿಡಿಯದೆ ಇಡೀ ಸಾಲು ಎರಡು ಭಾಗವಾಯಿತು. ಇನ್ನೊಂದು: ಒಂದೇ ಬಾಕ್ಸಿನಲ್ಲಿ ಎರಡು ಮನೆಯ 5, ಎರಡು ಮನೆಯ 7. 5 ಎಂದರೆ 1-4 ಆದರೆ 7 ಎಂದರೆ 2-5 ಆಗಲೇಬೇಕು. 5 ಎಂದರೆ 2-3 ಆದರೆ 7 ಎಂದರೆ 1-6. ಯಾವ ದಾರಿ ಹಿಡಿದರೂ 1 ಮತ್ತು 2 ಈ ನಾಲ್ಕು ಮನೆಗಳಲ್ಲೇ ಇರುತ್ತವೆ, ಬಾಕ್ಸಿನ ಉಳಿದ ಐದು ಮನೆಗಳಲ್ಲಿ ಅವಕ್ಕೆ ಜಾಗವಿಲ್ಲ. 7ರ ಕೇಜಿನಿಂದ 3-4 ಕೂಡ ಹೊರಬಿತ್ತು. ಕಠಿಣ ಒಗಟುಗಳ ನಡುಭಾಗವೆಲ್ಲ ಹೆಚ್ಚುಕಡಿಮೆ ಇಂಥ ತೀರ್ಮಾನಗಳಿಂದಲೇ ಸಾಗುತ್ತದೆ. ಒಂದು ಮನೆಯೂ ತುಂಬಿರುವುದಿಲ್ಲ, ಆದರೂ ನೀವು ಮುಂದೆ ಹೋಗಿರುತ್ತೀರಿ. ಇದಕ್ಕೆ ಮನಸ್ಸನ್ನು ಒಗ್ಗಿಸಿಕೊಳ್ಳಬೇಕು. ಮನೆ ತುಂಬಿದರೆ ಮಾತ್ರ ಪ್ರಗತಿ ಎಂದುಕೊಂಡವರು ಇಲ್ಲಿ ತಾಳ್ಮೆ ಕಳೆದುಕೊಂಡು ಊಹೆಗೆ ಇಳಿಯುತ್ತಾರೆ.

45ರ ಲೆಕ್ಕ ಒಂದು ಬಾಕ್ಸಿಗೆ ಮಾಡಿ ಮುಗಿಸುವಂಥದ್ದೂ ಅಲ್ಲ. ಸುಲಭದ ಒಗಟಿನಲ್ಲಿ ಅದು ಒಂದು ಬಾಕ್ಸಿನಲ್ಲೇ ಸಿಗುವಂತೆ ಇಟ್ಟಿರುತ್ತೇವೆ. ಕಠಿಣದಲ್ಲಿ ಎರಡು ಅಡ್ಡಸಾಲು ಸೇರಿಸಿದರೆ 90, ಮೂರು ಕಂಬಸಾಲು ಸೇರಿಸಿದರೆ 135, ಮೂಲೆಯ ಬಾಕ್ಸಿಗೆ ಅದರ ಬಲಗಡೆಯದನ್ನೂ ಕೆಳಗಿನದನ್ನೂ ಸೇರಿಸಿದರೆ 135, ಹೀಗೆ ಹುಡುಕಬೇಕು. ಕೇಜುಗಳ ಗಡಿಯೂ ನೀವು ಆರಿಸಿದ ಭಾಗದ ಗಡಿಯೂ ಬಹುತೇಕ ಒಂದೇ ಆಗುವ ಜಾಗ ಎಲ್ಲಿದೆ ಎಂದು ಕಣ್ಣಾಡಿಸಿ. ಒಳಗೆ ಒಂದು ಮನೆ ಉಳಿದು, ಹೊರಗೆ ಒಂದು ಮನೆ ಚಾಚಿದ್ದರೂ ಕೈಬಿಡಬೇಡಿ. ಒಂದು ಬಾಕ್ಸಿನಲ್ಲಿ ಒಂದು ಮನೆ ಬಿಟ್ಟು ಉಳಿದೆಲ್ಲವನ್ನೂ ಮುಚ್ಚುವ ಕೇಜುಗಳು ಹೊರಗೆ ಒಂದೇ ಮನೆ ಚಾಚಿ, ಅವುಗಳ ಒಟ್ಟು ಮೊತ್ತ 48 ಇದ್ದರೆ, ಹೊರಗಿನ ಮನೆ ಒಳಗಿನದಕ್ಕಿಂತ 3 ಹೆಚ್ಚು. ಒಳಗಿನದು 6ಕ್ಕಿಂತ ದೊಡ್ಡದಲ್ಲ, ಹೊರಗಿನದು 4ಕ್ಕಿಂತ ಚಿಕ್ಕದಲ್ಲ, ಒಂದು ಬೆಸ ಆದರೆ ಇನ್ನೊಂದು ಸರಿ. ಮೊತ್ತ ಸರಿಯಾಗಿ 45 ಬಂದರೆ ಎರಡೂ ಮನೆಯಲ್ಲಿ ಒಂದೇ ಅಂಕಿ. ಅಂಥದ್ದು ಸಿಕ್ಕಾಗ ನನಗೆ ಈಗಲೂ ಖುಷಿಯಾಗುತ್ತದೆ. ಒಂದು ಮನೆಯ ಸಾಲಿನಲ್ಲಿ ಅಳಿಸಿದ್ದೆಲ್ಲ ದೂರದ ಇನ್ನೊಂದು ಮನೆಯಲ್ಲೂ ಅಳಿಸಿ ಹೋಗುತ್ತದೆ.

ಇಲ್ಲಿ ಒಂದು ಎಚ್ಚರಿಕೆ ಬೇಕೇ ಬೇಕು. ಲೆಕ್ಕದಿಂದ ಹುಟ್ಟಿದ ಮೊತ್ತವನ್ನು ಕೇಜಿನಂತೆಯೇ ಬಳಸಬಹುದು, ಆದರೆ ಅಂಕಿ ಮರುಕಳಿಸಬಾರದು ಎಂಬ ನಿಯಮ ಅದಕ್ಕೆ ತಾನಾಗಿ ಬರುವುದಿಲ್ಲ. ಮೂಲೆಯ ಬಾಕ್ಸನ್ನು ಮುಟ್ಟುವ ಕೇಜುಗಳ ಮೊತ್ತ 57 ಇದ್ದು, ಒಂದು ಮನೆ ಬಲಕ್ಕೂ ಇನ್ನೊಂದು ಕೆಳಕ್ಕೂ ಚಾಚಿದ್ದರೆ ಆ ಎರಡರ ಮೊತ್ತ 12. ಅವು ಒಂದೇ ಅಡ್ಡಸಾಲಿನಲ್ಲಿಲ್ಲ, ಒಂದೇ ಕಂಬಸಾಲಿನಲ್ಲಿಲ್ಲ, ಒಂದೇ ಬಾಕ್ಸಿನಲ್ಲೂ ಇಲ್ಲ. ಒಂದೇ ಕೇಜಿನ ಮನೆಗಳಲ್ಲದಿದ್ದರೆ 6 ಮತ್ತು 6 ಬರಲು ಅಡ್ಡಿಯೇನೂ ಇಲ್ಲ. ಪಟ್ಟಿ ನೋಡಿ 3-9, 4-8, 5-7 ಎಂದು ಬರೆದುಕೊಂಡರೆ ಸರಿಯುತ್ತರವನ್ನೇ ಅಳಿಸಿದಂತಾಯಿತು. ತರ್ಕದಿಂದಲೇ ಬಿಡಿಸಿದೆ, ಆದರೂ ಕೊನೆಗೆ ತಾಳೆಯಾಗಲಿಲ್ಲ ಎಂದು ಬರೆಯುವವರಲ್ಲಿ ಬಹಳ ಮಂದಿಯ ತಪ್ಪು ಇಲ್ಲೇ ಇರುತ್ತದೆ. ಹಾಗೆಯೇ ನಿಜವಾದ ಕೇಜಿನೊಳಗೆ ಅಂಕಿ ಮರುಕಳಿಸಬಾರದು ಎಂಬುದು ರೂಢಿಯ ನಿಯಮ. ಅದನ್ನು ಸಡಿಲಿಸಿದ ಬಗೆಗಳೂ ಇವೆ, ಹೊಸ ಕಡೆಯ ಒಗಟು ಕೈಗೆತ್ತಿಕೊಂಡಾಗ ನಿಯಮದ ಸಾಲನ್ನು ಒಮ್ಮೆ ಓದಿಕೊಳ್ಳಿ.

ಊಹೆಯ ಮಾತಿಗೆ ಬರೋಣ. ನಿಮ್ಮ ಗೆಳೆಯರ ಮಾತು ಅರ್ಧ ಮಾತ್ರ ನಿಜ. ಚೆನ್ನಾಗಿ ರಚಿಸಿದ ಒಗಟಿಗೆ ಒಂದೇ ಉತ್ತರ. ಹಾಗಾಗಿ ಪ್ರತಿ ತಪ್ಪು ಅಂಕಿಯೂ ಎಲ್ಲೋ ಒಂದು ಕಡೆ ವಿರೋಧಕ್ಕೆ ಮುಟ್ಟಲೇಬೇಕು, ತರ್ಕದಿಂದ ಬಿಡಿಸಲು ಸಾಧ್ಯವಿರಲೇಬೇಕು. ಆದರೆ ಆ ತರ್ಕ ಎರಡು ಹೆಜ್ಜೆಯದ್ದೋ ಇಪ್ಪತ್ತು ಹೆಜ್ಜೆಯದ್ದೋ ಎಂಬುದಕ್ಕೆ ಯಾವ ಖಾತ್ರಿಯೂ ಇಲ್ಲ. 2005ರಲ್ಲಿ ಲಂಡನ್ನಿನ ‘ದಿ ಟೈಮ್ಸ್’ ಪತ್ರಿಕೆ ಇದನ್ನು ಕಿಲ್ಲರ್ ಎಂಬ ಹೆಸರಿನಲ್ಲಿ ಅಚ್ಚು ಹಾಕಿದ ಮೇಲೆ ಆಟ ಬಹಳ ಹರಡಿತು, ಕಂಪ್ಯೂಟರಿನಿಂದ ರಾಶಿ ರಾಶಿ ಒಗಟು ತಯಾರಿಸುವುದೂ ನಡೆಯಿತು. ಅವುಗಳಲ್ಲಿ ಅತಿ ಕಠಿಣ ಎಂಬ ಹಣೆಪಟ್ಟಿಯವು ಕೆಲವು ಮನುಷ್ಯರ ತಲೆಯಲ್ಲಿ ಹಿಡಿಯದಷ್ಟು ಉದ್ದದ ತರ್ಕ ಕೇಳುತ್ತವೆ. ಅಂಥದ್ದರಲ್ಲಿ ಸಿಕ್ಕಿಬಿದ್ದರೆ ನಿಮ್ಮ ಕೊರತೆಯೆಂದು ಭಾವಿಸಬೇಕಿಲ್ಲ. ಕೈಯಿಂದ ರಚಿಸಿದ, ಇಲ್ಲವೇ ಮನುಷ್ಯರು ಬಿಡಿಸಿ ನೋಡಿದ ಒಗಟುಗಳಲ್ಲಿ ದಾರಿ ಇದ್ದೇ ಇರುತ್ತದೆ.

ಮೇಲೆ ನಾನು ‘3-7 ಕೂತವು ಎಂದುಕೊಳ್ಳಿ’ ಎಂದೆನಲ್ಲ, ಅದು ಊಹೆಯೇ? ನನ್ನ ಮಟ್ಟಿಗೆ ಅಲ್ಲ. ನೀವು ಮಾಡಿದ್ದು 3-7 ಸರಿಯಿರಲಿ ಎಂಬ ಆಸೆಯಿಂದ ಅದನ್ನು ಹಾಳೆಯ ಮೇಲೆ ಬರೆದು, ಒಗಟಿನ ಉದ್ದಗಲಕ್ಕೂ ಓಡಿದ್ದು. ನಾನು ಮಾಡಿದ್ದು 3-7 ಬಿದ್ದು ಹೋಗುತ್ತದೆಯೇ ಎಂದು ಒಂದೇ ಬಾಕ್ಸಿನೊಳಗೆ, ಪೆನ್ಸಿಲ್ ಮುಟ್ಟಿಸದೆ ಪರೀಕ್ಷಿಸಿದ್ದು. ಇದಕ್ಕೆ ಗಡಿ ಹಾಕಿಕೊಳ್ಳಿ. ಒಂದು ಬಾಕ್ಸು ಅಥವಾ ಒಂದು ಸಾಲು, ಮೂರು ನಾಲ್ಕು ಹೆಜ್ಜೆ, ಎಲ್ಲವೂ ಮನಸ್ಸಿನಲ್ಲೇ. ಅಷ್ಟರಲ್ಲಿ ವಿರೋಧ ಸಿಗದಿದ್ದರೆ ಹಿಂದೆ ಬಂದು ಬೇರೆ ಕೇಜು ಆರಿಸಿ. ಬರೆದು ಮುಂದೆ ಓಡುವುದರ ನಿಜವಾದ ಅಪಾಯ ಸಮಯದ ನಷ್ಟವಲ್ಲ. ಊಹೆ ತಪ್ಪಿದಾಗ ಎಲ್ಲಿಯವರೆಗೆ ಅಳಿಸಬೇಕು ಎಂಬುದು ಗೊತ್ತಾಗುವುದಿಲ್ಲ. ಸರಿಯಾದಾಗಲೂ ಏಕೆ ಸರಿ ಎಂಬುದು ತಿಳಿಯದೇ ಉಳಿಯುತ್ತದೆ, ಮುಂದಿನ ಒಗಟಿನಲ್ಲಿ ಅದೇ ಜಾಗಕ್ಕೆ ಬಂದು ಮತ್ತೆ ನಿಲ್ಲುತ್ತೀರಿ. ಬೇರೆ ದಾರಿಯೇ ಇಲ್ಲವೆಂದು ಬರೆದು ನೋಡಲೇಬೇಕಾದರೆ, ಎರಡೇ ಗುಂಪು ಉಳಿದ ಕೇಜನ್ನು ಆರಿಸಿ, ಊಹೆಯ ನಂತರದ್ದನ್ನೆಲ್ಲ ಬೇರೆ ಬಣ್ಣದಲ್ಲಿ ಬರೆಯಿರಿ. ಎರಡೂ ಗುಂಪುಗಳನ್ನು ಸ್ವಲ್ಪ ದೂರ ನಡೆಸಿ ನೋಡುವುದು ಒಂದನ್ನೇ ಕೊನೆಯವರೆಗೆ ಓಡಿಸುವುದಕ್ಕಿಂತ ಎಷ್ಟೋ ಮೇಲು. ಎರಡೂ ಕಡೆ ಒಂದೇ ಮನೆಯಿಂದ ಒಂದೇ ಅಂಕಿ ಅಳಿಸಿ ಹೋದರೆ ಅದು ಊಹೆಯಲ್ಲ, ಸಾಬೀತಾದ ಮಾತು.

ಸಾಮಾನ್ಯ ಸುಡೊಕುವಿನಿಂದ ಬಂದವರು ಹೊತ್ತು ತರುವ ಒಂದು ತಂತ್ರದ ಬಗ್ಗೆಯೂ ಹೇಳಿಬಿಡುತ್ತೇನೆ. ಆಯತದ ಮೂಲೆಗಳಂತೆ ಕೂತ ನಾಲ್ಕು ಮನೆಗಳಲ್ಲಿ ಒಂದೇ ಜೋಡಿ ಅಂಕಿ ಬಂದರೆ ಉತ್ತರ ಎರಡಾಗುತ್ತದೆ, ಆದ್ದರಿಂದ ಹಾಗೆ ಬರಲಾರದು ಎನ್ನುವ ಆಯತದ ತಂತ್ರ ನಿಮಗೆ ಗೊತ್ತಿರಬಹುದು. ಕಿಲ್ಲರ್‌ನಲ್ಲಿ ಅದನ್ನು ಹಾಗೆಯೇ ಬಳಸಬೇಡಿ. ಅಂಕಿಗಳನ್ನು ಅದಲು ಬದಲು ಮಾಡಿದಾಗ ಕೇಜುಗಳ ಮೊತ್ತ ಕೆಟ್ಟರೆ ಎರಡನೇ ಉತ್ತರ ಹುಟ್ಟುವುದೇ ಇಲ್ಲ, ಆ ಆಯತ ಅಲ್ಲಿ ಇರಲು ಯಾವ ತೊಂದರೆಯೂ ಇಲ್ಲ.

ಪಟ್ಟಿ ನೋಡುವುದು ಮೋಸವಲ್ಲ. 1ರಿಂದ 9ರವರೆಗಿನ ಅಂಕಿಗಳಿಂದ ಮಾಡಬಹುದಾದ ಗುಂಪುಗಳು ಒಟ್ಟು 511. ಅವನ್ನು ಬಾಯಿಪಾಠ ಮಾಡುವುದರಿಂದ ಬರುವ ಲಾಭ ಕಡಿಮೆ, ಏಕೆಂದರೆ ಪಟ್ಟಿ ಹೇಳುವುದು ಯಾವ ಗುಂಪುಗಳಿವೆ ಎಂದಷ್ಟೇ. ಯಾವುದು ಉಳಿಯುತ್ತದೆ ಎಂಬುದನ್ನು ನೀವೇ ಕಂಡುಕೊಳ್ಳಬೇಕು. ಒಂದೇ ಗುಂಪಿರುವ ಮೊತ್ತಗಳು ಮಾತ್ರ ಕಣ್ಣಿಗೆ ಬಿದ್ದ ಕೂಡಲೇ ಹೊಳೆಯಬೇಕು. ಎರಡು ಮನೆಗೆ 3, 4, 16, 17. ಮೂರು ಮನೆಗೆ 6, 7, 23, 24. ನಾಲ್ಕಕ್ಕೆ 10, 11, 29, 30. ಐದಕ್ಕೆ 15, 16, 34, 35. ದೊಡ್ಡ ಕೇಜುಗಳಲ್ಲಿ ಇಲ್ಲದ ಅಂಕಿಗಳನ್ನು ಲೆಕ್ಕ ಹಾಕಿ. ಏಳು ಮನೆಗೆ 38 ಎಂದರೆ ಬಿಟ್ಟುಹೋದ ಎರಡು ಅಂಕಿಗಳ ಮೊತ್ತ 7, ಮೂರೇ ಜೋಡಿ. ಎಂಟು ಮನೆಯ ಕೇಜಾದರೆ 45ರಿಂದ ಕಳೆದು ಬಂದದ್ದೇ ಬಿಟ್ಟುಹೋದ ಅಂಕಿ. ಉಳಿದದ್ದಕ್ಕೆ ಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಳ್ಳಿ, ಆಡುತ್ತಾ ಆಡುತ್ತಾ ತಾನಾಗಿ ನೆನಪಿನಲ್ಲಿ ನಿಲ್ಲುತ್ತದೆ.

ಹಾಳೆ ಕಪ್ಪಾಗುವುದಕ್ಕೆ ಕಾರಣ ಎಲ್ಲ ಮನೆಗೂ ಎಲ್ಲ ಅಂಕಿಗಳನ್ನೂ ಮೊದಲೇ ಬರೆಯುವುದು. ಅದರಲ್ಲಿ ಇನ್ನೊಂದು ನಷ್ಟವೂ ಇದೆ. ನಾಲ್ಕು ಗುಂಪಿನ 20ನ್ನು ಮನೆಗಳಲ್ಲಿ ಬರೆದರೆ ಪ್ರತಿ ಮನೆಗೂ 3, 4, 5, 6, 7, 8, 9 ಎಂದಾಗುತ್ತದೆ. 3 ಬಂದರೆ 8 ಮತ್ತು 9 ಜೊತೆಗೆ ಬರಲೇಬೇಕು ಎಂಬ ನಂಟು ಅಲ್ಲಿ ಕಾಣೆಯಾಯಿತು. ಬದಲಿಗೆ ಹಾಳೆಯ ಅಂಚಿನಲ್ಲಿ ಕೇಜಿನ ಮೊತ್ತ ಬರೆದು, ಅದರ ಮುಂದೆ ಗುಂಪುಗಳನ್ನು ಬರೆದುಕೊಳ್ಳಿ: 20 ಎಂದರೆ 389, 479, 569, 578. ಒಂದು ಗುಂಪು ಸತ್ತಾಗ ಅದರ ಮೇಲೆ ಗೆರೆ ಎಳೆಯಿರಿ. ನಾಲ್ಕಕ್ಕಿಂತ ಹೆಚ್ಚು ಗುಂಪಿರುವ ಕೇಜುಗಳನ್ನು ಸದ್ಯಕ್ಕೆ ಮುಟ್ಟಲೇಬೇಡಿ. ಎರಡು ಮೂರು ಅಂಕಿ ಮಾತ್ರ ಉಳಿದ ಮನೆಗಳಲ್ಲಿ ಸಣ್ಣ ಅಂಕಿ ಬರೆಯುವುದು ಸರಿಯೇ. ಕೊನೆಯ ಮೂರನೇ ಒಂದು ಭಾಗಕ್ಕೆ ಬರುವ ಹೊತ್ತಿಗೆ ಒಗಟು ಸಾಮಾನ್ಯ ಸುಡೊಕುವಿನಂತೆ ಆಗಿರುತ್ತದೆ, ಅಲ್ಲಿ ನಿಮ್ಮ ಹಳೆಯ ಅಭ್ಯಾಸವೇ ಸಾಕು.

ಆ್ಯಪ್‌ನ ಸುಳಿವು ಯಾವ ಬಗೆಯದು ಎಂಬುದರ ಮೇಲೆ ಹೋಗುತ್ತದೆ. ಸುಮ್ಮನೆ ಒಂದು ಮನೆ ತುಂಬಿಸಿ ಕೊಡುವ ಬಟನ್ ಆದರೆ ಒತ್ತಬೇಡಿ, ಊಹೆ ಸರಿಯಾದಾಗ ಆಗುವ ನಷ್ಟವೇ ಅಲ್ಲೂ ಆಗುತ್ತದೆ. ಎಲ್ಲಿ ನೋಡಬೇಕು ಎಂದು ಒಂದು ಬಾಕ್ಸು ಅಥವಾ ಸಾಲನ್ನು ತೋರಿಸಿ ಸುಮ್ಮನಾಗುವ ಸುಳಿವಾದರೆ ಧಾರಾಳವಾಗಿ ಬಳಸಿ. ಮನೆ ತುಂಬುವ ಬಟನ್ ಒಂದೇ ಇದ್ದು, ಒತ್ತಿಯೇಬಿಟ್ಟಿರೆಂದರೆ, ಬಂದ ಅಂಕಿಯನ್ನು ತೆಗೆದುಹಾಕಿ. ಆ ಮನೆಗೆ ಅದೇ ಏಕೆ ಎಂದು ಅದೇ ಬಾಕ್ಸಿನ, ಅದೇ ಸಾಲಿನ ಕೇಜುಗಳಿಂದ ತೋರಿಸಲು ಆಗುತ್ತದೆಯೇ ನೋಡಿ, ಆದ ಮೇಲೆ ಮತ್ತೆ ಬರೆಯಿರಿ. ಕೆಲವು ಆ್ಯಪ್‌ಗಳು ಸಾಧ್ಯವಿಲ್ಲದ ಸಣ್ಣ ಅಂಕಿಗಳನ್ನು ತಾವೇ ಅಳಿಸುತ್ತಾ ಹೋಗುತ್ತವೆ, ಆ ಸೌಲಭ್ಯವನ್ನು ಸೆಟ್ಟಿಂಗ್ಸ್‌ನಲ್ಲಿ ಆಫ್ ಮಾಡಿ. ನೀವು ಬಿಟ್ಟಿಟ್ಟ ಒಗಟನ್ನು ಮೂಲೆಯ 1 ಮತ್ತು 9ರಿಂದ ಮತ್ತೆ ಶುರು ಮಾಡಿ, ಎರಡನೇ ಕಂಬಸಾಲಿನಲ್ಲಿ 7 ಇರುವ ಗುಂಪುಗಳು ಯಾವ ಯಾವ ಕೇಜಿನಲ್ಲಿ ಸತ್ತವು ಎಂದು ಮೊದಲು ನೋಡಿ.